ಒರಟು ಮೀನಿಗೆ ಮೆತ್ತನೆಯ ಬಲೆ

ಇಂಗ್ಲೆಂಡಿನ ಮೀನುಗಳಲ್ಲೂ ಜಾತಿಭೇದವಿದೆ! ಹೊಳೆ ಕೆರೆಗಳ ಸಿಹಿನೀರಿನಲ್ಲಿ ಸಾಮನ್ ಮತ್ತು ಟ್ರೌಟ್ ಮೇಲಿನ ಅಂತಸ್ತಿನವು. ಅವಕ್ಕೆ 'ಗೇಮ್ ಫಿಶ್' ಎಂಬ ಬಿರುದು. ಮಿಕ್ಕ ಕಾರ್ಪ್, ಟೆಂಚ್, ಬ್ರೀಮ್, ರೋಚ್, ಚಬ್, ಬಾರ್ಬೆಲ್, ಪರ್ಚ್, ಪೈಕ್‌ಗಳನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸಿ 'ಕೋರ್ಸ್ ಫಿಶ್' ಎಂದು ಕರೆಯುತ್ತಾರೆ. ಕೋರ್ಸ್ ಎಂದರೆ ಒರಟು, ಮಾಮೂಲಿ, ನಾಜೂಕಿಲ್ಲದ್ದು. ಸಾಮನ್ ಹಿಡಿಯುವವನು ಸಾಮಾನ್ಯವಾಗಿ ಹೊಳೆಯ ದಂಡೆಯ ಒಡೆಯನೋ ಅವನ ಅತಿಥಿಯೋ ಆಗಿರುತ್ತಿದ್ದ. ರೋಚ್ ಹಿಡಿಯುವವನು ಕಾರ್ಖಾನೆಯ ಕೂಲಿಯೋ ಗಣಿಯ ಕೆಲಸಗಾರನೋ ಆಗಿರುತ್ತಿದ್ದ. ಹಿಡಿಯುವವರ ಅಂತಸ್ತು ಹೀಗೆ ಮೀನಿಗೂ ಅಂಟಿಕೊಂಡಿತು.

ಈ ಒರಟು ಮೀನುಗಳನ್ನು ದಡಕ್ಕೆತ್ತಲು ಬಳಸುವ ಒಂದು ಸಣ್ಣ ಸಲಕರಣೆಯ ಚರಿತ್ರೆಯೇ ಈ ಲೇಖನದ ವಸ್ತು. ಇಂಗ್ಲಿಷಿನಲ್ಲಿ ಅದಕ್ಕೆ ಲ್ಯಾಂಡಿಂಗ್ ನೆಟ್ ಎನ್ನುತ್ತಾರೆ. ಉದ್ದನೆಯ ಹಿಡಿ, ಅದರ ತುದಿಗೆ ದುಂಡಗೋ ತ್ರಿಕೋನವಾಗಿಯೋ ಇರುವ ಚೌಕಟ್ಟು, ಅದರಿಂದ ಜೋತುಬಿದ್ದ ಜೋಳಿಗೆಯಂಥ ಬಲೆ, ಇಷ್ಟೇ. ನಾವು ಅದನ್ನು ಕೈಬಲೆ ಎನ್ನೋಣ. ಸಾಹಿತ್ಯದ ಬಳಗದಲ್ಲಿ ಮೀನಿನ ಬಲೆಯ ಪುರಾಣವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಇಂಗ್ಲಿಷ್ ಸಾಹಿತ್ಯದಲ್ಲಿ ಅತಿ ಹೆಚ್ಚು ಸಲ ಮುದ್ರಣ ಕಂಡ ಪುಸ್ತಕಗಳ ಸಾಲಿನಲ್ಲಿ ಮೀನು ಹಿಡಿಯುವ ಪುಸ್ತಕವೊಂದು ಸೇರಿದೆ ಎಂದು ಹೇಳಿ ಅವರನ್ನು ಸಮಾಧಾನಪಡಿಸುತ್ತೇನೆ.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ಕೈಬಲೆ ಮೀನನ್ನು ಹಿಡಿಯುವುದಿಲ್ಲ. ಹಿಡಿಯುವುದು ಗಾಳ. ನೀರಿನಲ್ಲಿರುವ ತನಕ ಮೀನಿನ ಭಾರವನ್ನು ನೀರೇ ಹೊತ್ತಿರುತ್ತದೆ. ಹಾಗಾಗಿ ಕೂದಲೆಳೆಯಂಥ ದಾರದಲ್ಲೂ ದೊಡ್ಡ ಮೀನನ್ನು ದಡದವರೆಗೆ ಆಡಿಸಿ ತರಬಹುದು. ನೀರಿನಿಂದ ಮೇಲಕ್ಕೆತ್ತಿದ ಕ್ಷಣವೇ ಪೂರ್ತಿ ಭಾರ ದಾರದ ಮೇಲೆ ಬಿದ್ದು ಅದು ಪಟ್ಟನೆ ಹರಿಯುತ್ತದೆ, ಇಲ್ಲವೇ ಮೀನಿನ ತುಟಿ ಹರಿಯುತ್ತದೆ. ನೀರಿಗೂ ದಡಕ್ಕೂ ನಡುವಿನ ಆ ಕೊನೆಯ ಒಂದು ಮಾರು ದೂರವನ್ನು ದಾಟಿಸುವುದಷ್ಟೇ ಕೈಬಲೆಯ ಕೆಲಸ.

ಇಲ್ಲಿನ ಗಾಳದ ಸಾಮಾನಿನ ಅಂಗಡಿಗೆ ಹೊಸದಾಗಿ ಹೋದವರು ಕೇಳುವ ಪ್ರಶ್ನೆ ಒಂದೇ: "ಎಲ್ಲದಕ್ಕೂ ಒದಗುವ ಒಂದು ಕೈಬಲೆ ಯಾವುದು?" ಉತ್ತರ ಹೇಳಬೇಕಾದರೆ ನಾಲ್ಕು ಸಂಗತಿ ತೀರ್ಮಾನವಾಗಬೇಕು. ಬಲೆಯ ಬಾಯಿ ಎಷ್ಟು ಅಗಲ, ಜೋಳಿಗೆ ಎಷ್ಟು ಆಳ, ಕಣ್ಣು ಎಂಥದು, ಹಿಡಿ ಎಷ್ಟು ಉದ್ದ. ಮೇಲ್ನೋಟಕ್ಕೆ ಇವು ಕೊಳ್ಳುವವರ ಲೆಕ್ಕಾಚಾರ. ಆದರೆ ಒಂದೊಂದರ ಹಿಂದೆಯೂ ಒಂದು ಕಾಲದ ಚರಿತ್ರೆ ಅಡಗಿದೆ. ಮೀನನ್ನು ಬಾಣಲೆಗೆ ಸೇರಿಸಲು ಹುಟ್ಟಿದ ವಸ್ತುವೊಂದು ಮೀನನ್ನು ಜೀವಂತ ನೀರಿಗೆ ಮರಳಿಸುವ ವಸ್ತುವಾಗಿ ಬದಲಾದ ಕಥೆ ಅದು.

ಅಡುಗೆಮನೆಯ ಬಲೆ

ಗಾಳದ ವಿದ್ಯೆಯ ಬಗ್ಗೆ ಇಂಗ್ಲಿಷಿನಲ್ಲಿ ಅಚ್ಚಾದ ಮೊದಲ ಗ್ರಂಥ 1496ರದ್ದು. ಅದನ್ನು ಮುದ್ರಿಸಿದವನು ವಿಂಕಿನ್ ಡಿ ವರ್ಡ್. ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಅದನ್ನು ಬರೆದಳೆಂಬ ಪ್ರತೀತಿಯಿದೆ. ಅಂದಹಾಗೆ, ಇದಕ್ಕೂ ಮೂರೂವರೆ ಶತಮಾನ ಹಿಂದೆ ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವೇ ಇದೆ. ಗಾಳ, ದಾರ, ಕೋಲು ಹೇಗಿರಬೇಕು, ಯಾವ ಮೀನಿಗೆ ಯಾವ ಎರೆ ಎಂಬುದನ್ನೆಲ್ಲ ಆತ ಅರಸನ ವಿನೋದಗಳ ಸಾಲಿನಲ್ಲಿ ವಿವರಿಸಿದ್ದಾನೆ. ಪ್ರಾಣಿವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಬಗ್ಗೆ ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು. ಗಾಳದ ವಿನೋದ ಇಂಗ್ಲಿಷರ ಆವಿಷ್ಕಾರ ಎಂದು ಯಾರಾದರೂ ಜಂಬ ಕೊಚ್ಚಿದರೆ ಬಸವಕಲ್ಯಾಣದ ಕಡೆಗೆ ಬೆರಳು ತೋರಿಸಬಹುದು!

ಇರಲಿ, ಇಂಗ್ಲೆಂಡಿಗೆ ಮರಳೋಣ. 1651ರಲ್ಲಿ ಗಾಳದ ಕಲೆಯ ಬಗ್ಗೆ ಪುಸ್ತಕ ಬರೆದ ಥಾಮಸ್ ಬಾರ್ಕರ್ ವೃತ್ತಿಯಿಂದ ಅಡುಗೆಯವನು. ಅವನ ಪುಸ್ತಕದಲ್ಲಿ ಮೀನು ಹಿಡಿಯುವ ಪಾಠದ ಜತೆಗೇ ಮೀನು ಬೇಯಿಸುವ ಪಾಠವೂ ಇದೆ. ದೊಡ್ಡ ಮೀನನ್ನು ದಡಕ್ಕೆಳೆಯಲು ಅವನು ಹೇಳುವ ಉಪಾಯ ಕೋಲಿನ ತುದಿಗೆ ಕಟ್ಟಿದ ಕಬ್ಬಿಣದ ಕೊಕ್ಕೆ. ಮೀನಿನ ಮೈಗೇ ಆ ಕೊಕ್ಕೆಯನ್ನು ಚುಚ್ಚಿ ಎಳೆಯುವುದು. ಹೇಗಿದ್ದರೂ ಸಾಯಬೇಕಾದ ಮೀನು, ತೂತು ಬಿದ್ದರೇನು?

ಎರಡೇ ವರ್ಷದ ಬಳಿಕ, 1653ರಲ್ಲಿ, ಐಸಾಕ್ ವಾಲ್ಟನ್‌ನ 'ದಿ ಕಂಪ್ಲೀಟ್ ಆಂಗ್ಲರ್' ಹೊರಬಂತು. ಆರಂಭದಲ್ಲಿ ನಾನು ಹೇಳಿದ ಪುಸ್ತಕ ಇದೇ. ಅಂತರ್ಯುದ್ಧದಿಂದ ದಣಿದ ಇಂಗ್ಲೆಂಡಿನಲ್ಲಿ ಹೊಳೆಯ ದಂಡೆಯ ಶಾಂತಿಯನ್ನು ಹಾಡಿಹೊಗಳಿದ ಪುಸ್ತಕ. ಅದರಲ್ಲಿ ಗಾಳಗಾರನ ಸರಂಜಾಮಿನ ಪಟ್ಟಿಯೊಂದು ಪದ್ಯರೂಪದಲ್ಲಿದೆ. ಕೋಲು, ದಾರ, ಬೆಂಡು, ಬುಟ್ಟಿಗಳ ಜತೆಗೆ ಬಲೆಯೂ ಅಲ್ಲಿ ಬರುತ್ತದೆ. ಮೃದುಹೃದಯಿ ವಾಲ್ಟನ್‌ನ ಬಲೆಯೂ ಹೋಗಿ ಮುಟ್ಟುತ್ತಿದ್ದುದು ಅಡುಗೆಮನೆಗೇ. ಚಬ್ ಮೀನಿನ ಹೊಟ್ಟೆಗೆ ಸೊಪ್ಪು ತುಂಬಿ ಹುರಿಯುವ ಬಗೆಯನ್ನೂ, ಪೈಕ್ ಮೀನನ್ನು ಬೆಣ್ಣೆ, ವೈನ್, ಬೆಳ್ಳುಳ್ಳಿಗಳೊಡನೆ ಸಿದ್ಧಪಡಿಸುವ ಕ್ರಮವನ್ನೂ ಆತ ಬಾಯಲ್ಲಿ ನೀರೂರುವಂತೆ ಬರೆದಿದ್ದಾನೆ.

ಇಷ್ಟನ್ನು ನಾವು ನೆನಪಿಡಬೇಕು. ಹಿಡಿದ ಮೀನನ್ನು ಬಿಟ್ಟುಬಿಡುವುದು ಇಂಗ್ಲಿಷರ ರಕ್ತದಲ್ಲೇ ಬಂದ ಗುಣವೆಂದು ಇಲ್ಲಿನ ಕೆಲವರು ಮಾತಾಡುವುದುಂಟು. ಚರಿತ್ರೆ ಹಾಗೆ ಹೇಳುವುದಿಲ್ಲ.

ಬ್ರಿಡ್‌ಪೋರ್ಟಿನ ಗಂಟು

ಆ ಕಾಲದ ಬಲೆಯನ್ನು ನೇಯುತ್ತಿದ್ದವರು ಯಾರು? ಇಂಗ್ಲೆಂಡಿನ ದಕ್ಷಿಣದಲ್ಲಿ, ಡಾರ್ಸೆಟ್ ಪ್ರಾಂತದಲ್ಲಿ ಬ್ರಿಡ್‌ಪೋರ್ಟ್ ಎಂಬ ಊರಿದೆ. ಸುತ್ತಲಿನ ಹೊಲಗಳಲ್ಲಿ ಸೆಣಬಿನ ಜಾತಿಯ ಹೆಂಪ್ ಮತ್ತು ಅಗಸೆ ಬೆಳೆಯುತ್ತಿದ್ದವು. ಹದಿಮೂರನೆಯ ಶತಮಾನದಷ್ಟು ಹಿಂದೆಯೇ ಈ ಊರು ಹಡಗಿನ ಹಗ್ಗಗಳಿಗೆ ಹೆಸರಾಗಿತ್ತು. ನೇಣಿನ ಹಗ್ಗಕ್ಕೆ ಜನ ತಮಾಷೆಯಾಗಿ 'ಬ್ರಿಡ್‌ಪೋರ್ಟಿನ ಕಠಾರಿ' ಎನ್ನುತ್ತಿದ್ದರಂತೆ! ಹಗ್ಗದ ಜತೆಗೆ ಬಲೆಯೂ ಆ ಊರಿನ ಕಸುಬಾಯಿತು. ನೂಲು ಕಂಪನಿಯದ್ದು, ದುಡಿಮೆ ಸುತ್ತಲಿನ ಹಳ್ಳಿಗಳ ಹೆಂಗಸರದ್ದು. ಮನೆಗೆಲಸದ ನಡುವೆ ಬಾಗಿಲಲ್ಲೋ ಒಲೆಯ ಪಕ್ಕದಲ್ಲೋ ನಿಂತು ಅವರು ಕೈಯಿಂದಲೇ ಬಲೆ ಹೆಣೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರಗಳು ಬಂದ ಮೇಲೂ ಈ ಮನೆಗೆಲಸ ನಿಲ್ಲಲಿಲ್ಲ. ಯಂತ್ರ ಉದ್ದಾನುದ್ದದ ಚಪ್ಪಟೆ ಬಲೆಯನ್ನು ನೇಯಬಲ್ಲದು. ಆಕಾರವುಳ್ಳ ಬಲೆಗೆ ಮನುಷ್ಯರ ಕೈಯೇ ಬೇಕಿತ್ತು.

ಬಲೆ ಎಂದರೆ ಕಣ್ಣುಗಳ ಸಾಲು, ಕಣ್ಣು ಎಂದರೆ ನಾಲ್ಕು ಗಂಟು. ಒಂದು ಎಳೆಯನ್ನು ಬಾಗಿಸಿ, ಇನ್ನೊಂದನ್ನು ಅದರೊಳಗಿಂದ ತಂದು, ಸುತ್ತಿ, ಬಿಗಿದರೆ ಜಾರದ ಗಂಟು ಬೀಳುತ್ತದೆ. ನಮ್ಮ ಕರಾವಳಿಯಲ್ಲಿ ಕೈಯಿಂದ ಬಲೆ ಹೆಣೆಯುವವರು ಹಾಕುವ ಗಂಟೂ ಇದೇ ಬಗೆಯದು. ನಂಬಿಗಸ್ತ ಗಂಟು. ಮೀನಿನ ಮೈಗೆ ಮಾತ್ರ ಅದು ಮರಳುಕಾಗದದಂತೆ. ಆದರೆ ಈ ಮಾತು ಯಾರಿಗಾದರೂ ಹೊಳೆಯಲು ಇನ್ನೂ ಬಹಳ ಕಾಲ ಹೋಗಬೇಕಿತ್ತು.

ಹತ್ತಿ, ನಾರಿನ ಬಲೆಗಳ ದೊಡ್ಡ ಶತ್ರು ಕೊಳೆಯುವಿಕೆ. ಹಸಿ ಬಲೆಯನ್ನು ಮಡಿಸಿಟ್ಟರೆ ಕೆಲವೇ ದಿನಗಳಲ್ಲಿ ಪಿಸಿಯುತ್ತಿತ್ತು. ಇಲ್ಲಿನ ಬೆಸ್ತರು ಮೊದಲು ಓಕ್ ಮರದ ತೊಗಟೆಯ ಕಷಾಯದಲ್ಲಿ ಬಲೆಗಳನ್ನು ಅದ್ದುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಜಾಗಕ್ಕೆ ಭಾರತ ಮತ್ತು ಬರ್ಮಾದಿಂದ ಹಡಗಿನಲ್ಲಿ ಬಂದ ಇನ್ನೊಂದು ಸರಕು ಸೇರಿತು. ಇಂಗ್ಲಿಷರು ಅದನ್ನು 'ಕಚ್' ಎಂದರು. ನಮ್ಮ ಅಜ್ಜ ಅಜ್ಜಿಯರು ಎಲೆಯಡಿಕೆಯ ಜತೆ ಮೆಲ್ಲುತ್ತಿದ್ದ ಕಾಚೇ ಅದು! ಬ್ರಿಟನ್ನಿನ ಬಂದರುಗಳ ಹಳೆಯ ಚಿತ್ರಗಳಲ್ಲಿ ಬಲೆ, ಹಾಯಿಗಳಿಗೆ ಕಾಣುವ ಕೆಂಗಂದು ಬಣ್ಣದಲ್ಲಿ ನಮ್ಮ ತಾಂಬೂಲದ ಬಣ್ಣ ಬೆರೆತಿದೆ ಎಂದರೆ ತಪ್ಪಲ್ಲ. ಬಿದಿರೂ ಹಾಗೆಯೇ. ಕಲ್ಕತ್ತೆಯ ಬಂದರಿನಿಂದ ಬಂದ ಬಿದಿರು 'ಕಲ್ಕತ್ತಾ ಕೇನ್' ಎಂಬ ಹೆಸರಿನಲ್ಲಿ ವಿಕ್ಟೋರಿಯಾ ಕಾಲದ ಗಾಳದ ಕೋಲುಗಳಿಗೆ ಒದಗಿತು.

ಶೆಫೀಲ್ಡಿನ ಕೆಲಸಗಾರರು

ಸಾಮನ್ ಮೀನಿನ ರಕ್ಷಣೆಗೆಂದು ಇಂಗ್ಲೆಂಡಿನಲ್ಲಿ 1285ರಷ್ಟು ಹಿಂದೆಯೇ ಕಾನೂನಿತ್ತು. ಅದನ್ನು ವರ್ಷದ ಕೆಲವು ಕಾಲ ಹಿಡಿಯುವಂತಿರಲಿಲ್ಲ. ಒರಟು ಮೀನುಗಳು ಅಂಥದೇ ರಕ್ಷಣೆಗಾಗಿ ಸುಮಾರು ಆರು ನೂರು ವರ್ಷ ಕಾಯಬೇಕಾಯಿತು. ಮೊಟ್ಟೆಯಿಡುವ ಹೊತ್ತಿನಲ್ಲೂ ಅವುಗಳನ್ನು ಯಾರು ಬೇಕಾದರೂ ಹಿಡಿಯಬಹುದಿತ್ತು.

ಆ ಸ್ಥಿತಿಯನ್ನು ಬದಲಿಸಿದ್ದು ಜಮೀನುದಾರರಲ್ಲ. ಚಾಕು ಕತ್ತರಿಗಳ ಊರಾದ ಶೆಫೀಲ್ಡಿನಲ್ಲಿ ಉಕ್ಕಿನ ಕುಲುಮೆಗಳ ಮುಂದೆ ವಾರವೆಲ್ಲ ಬೆಂದ ಕೆಲಸಗಾರರು ರಜಾದಿನ ರೈಲು ಹತ್ತಿ ಲಿಂಕನ್‌ಶೈರಿನ ವಿದಮ್ ನದಿಯ ಕಡೆಗೆ ಗಾಳ ಹಾಕಲು ಹೋಗುತ್ತಿದ್ದರು. ಅವರೇ ಸಂಘ ಕಟ್ಟಿಕೊಂಡರು, ಸ್ಪರ್ಧೆಗಳನ್ನು ನಡೆಸಿದರು. ತಮ್ಮ ಮೀನುಗಳಿಗೂ ಕಾನೂನಿನ ರಕ್ಷಣೆ ಬೇಕೆಂಬ ಒತ್ತಾಯ ಅವರಿಂದಲೇ ಬಂತು. ಅವರ ಪರವಾಗಿ ಪಾರ್ಲಿಮೆಂಟಿನಲ್ಲಿ ಮಸೂದೆ ತಂದವರು ಆ ಊರಿನ ಸದಸ್ಯ ಎ. ಜೆ. ಮುಂಡೆಲ್ಲಾ. 1878ರ ಆ ಕಾಯಿದೆಯನ್ನು ಇಂದಿಗೂ ಗಾಳಗಾರರು 'ಮುಂಡೆಲ್ಲಾ ಕಾಯಿದೆ' ಎಂದೇ ಕರೆಯುತ್ತಾರೆ. ಮಾರ್ಚ್ 15ರಿಂದ ಜೂನ್ 15ರವರೆಗೆ ಒರಟು ಮೀನು ಹಿಡಿಯುವಂತಿಲ್ಲ ಎಂಬ ನಿಯಮ ಆಗ ಹುಟ್ಟಿತು. ನಿಂತ ನೀರಿನ ಬಹುಪಾಲು ಕೊಳಗಳಿಗೆ 1995ರಲ್ಲಿ, ಬಹುಪಾಲು ಕಾಲುವೆಗಳಿಗೆ 2000ದಲ್ಲಿ ವಿನಾಯಿತಿ ಸಿಕ್ಕಿತು. ಇಂಗ್ಲೆಂಡಿನ ಹೊಳೆಗಳಲ್ಲಿ ಮಾತ್ರ ಅದು ಈಗಲೂ ಜಾರಿಯಲ್ಲಿದೆ. ಇದೇ ಮುಂಡೆಲ್ಲಾ ಎರಡು ವರ್ಷಗಳ ಬಳಿಕ, 1880ರಲ್ಲಿ, ಇಂಗ್ಲೆಂಡಿನ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದ ಕಾನೂನನ್ನೂ ತಂದರು. ಬಡವರ ಮಕ್ಕಳನ್ನೂ ಬಡವರ ಮೀನನ್ನೂ ಒಬ್ಬನೇ ಮನುಷ್ಯ ಲೆಕ್ಕಕ್ಕೆ ತೆಗೆದುಕೊಂಡದ್ದು ನನಗೆ ಬಲು ಇಷ್ಟವಾದ ಸಂಗತಿ.

ಆದರೂ ಹಿಡಿದ ಮೀನಿನ ಗತಿ ಆಗಿನ್ನೂ ಬದಲಾಗಿರಲಿಲ್ಲ. ಲಂಡನ್ನಿನ ಗಾಳಗಾರರ ಸಂಘಗಳು ಪಬ್‌ಗಳಲ್ಲಿ ಸೇರುತ್ತಿದ್ದವು. ಭಾನುವಾರ ಸಂಜೆ ಸದಸ್ಯರು ಸತ್ತ ಮೀನುಗಳನ್ನು ತಟ್ಟೆಯಲ್ಲಿ ಜೋಡಿಸಿ, ತೂಗಿಸಿ, ಬಹುಮಾನ ಪಡೆಯುತ್ತಿದ್ದರು. ಹೆಮ್ಮೆಪಡುವಷ್ಟು ದೊಡ್ಡ ಮೀನು ಸಿಕ್ಕರೆ ಚರ್ಮ ಬಿಡಿಸಿ, ತುಂಬಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಗೋಡೆಗೇರಿಸುತ್ತಿದ್ದರು. ಲಂಡನ್ನಿನ ಕೂಪರ್ ಮನೆತನ ಈ ಕಸುಬಿನಲ್ಲಿ ಹೆಸರುವಾಸಿ; ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಮನೆತನ ಹುಲಿಗಳಿಗೆ ಹೇಗೋ ಹಾಗೆ. ಜೆರೋಮ್ ಕೆ. ಜೆರೋಮ್‌ನ 1889ರ 'ತ್ರೀ ಮೆನ್ ಇನ್ ಎ ಬೋಟ್' ಓದಿದವರಿಗೆ ನೆನಪಿರಬಹುದು. ಅದರಲ್ಲಿ ಪಬ್ಬಿನ ಗೋಡೆಯ ಮೇಲಿನ ದೊಡ್ಡ ಟ್ರೌಟನ್ನು ತಾನೇ ಹಿಡಿದದ್ದೆಂದು ಒಬ್ಬೊಬ್ಬರೂ ಹೇಳುತ್ತಾರೆ. ಕೊನೆಗೆ ಕೆಳಗೆ ಬಿದ್ದು ಒಡೆದಾಗ ಅದು ಪ್ಲಾಸ್ಟರಿನ ಮೀನೆಂದು ತಿಳಿಯುತ್ತದೆ!

ರೆಡ್‌ಮೈರ್ ಕೊಳ

ಬದಲಾವಣೆ ಬಂದದ್ದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ, ಅದೂ ಕಾರ್ಪ್ ಮೀನಿನ ಮೂಲಕ. ನಮ್ಮ ಕಡೆ 'ಸಾಮಾನ್ಯ ಗೆಂಡೆ' ಎಂದು ಕೆರೆಗಳಲ್ಲಿ ಸಾಕುವ ಮೀನೇ ಇದು. ಬೆಳೆದ ಕಾರ್ಪನ್ನು ಗಾಳದಲ್ಲಿ ಹಿಡಿಯುವುದು ಅಸಾಧ್ಯವೆಂಬ ನಂಬಿಕೆ ಇಂಗ್ಲೆಂಡಿನಲ್ಲಿ ಬೇರೂರಿತ್ತು. ಜಾರ್ಜ್ ಆರ್ವೆಲ್‌ನ 1939ರ ಕಾದಂಬರಿ 'ಕಮಿಂಗ್ ಅಪ್ ಫಾರ್ ಏರ್'ನ ನಾಯಕ ಬಾಲ್ಯದಲ್ಲಿ ಕಂಡ ಒಂದು ಗುಪ್ತ ಕೊಳದ ಭಾರೀ ಕಾರ್ಪ್‌ಗಳನ್ನು ಜೀವನವಿಡೀ ಕನಸುತ್ತಾನೆ. ನಡುವಯಸ್ಸಿನಲ್ಲಿ ಹುಡುಕಿಕೊಂಡು ಹೋದಾಗ ಆ ಕೊಳದ ನೀರನ್ನು ಬಸಿದು ಕಸದ ಗುಂಡಿ ಮಾಡಿರುತ್ತಾರೆ. ಯುದ್ಧದ ಹೊಸ್ತಿಲಲ್ಲಿ ಬಂದ ಆ ಕಾದಂಬರಿಯಲ್ಲಿ ಮೀನು ಎಂದರೆ ಕಳೆದುಹೋದ ಇಂಗ್ಲೆಂಡ್.

ಹದಿಮೂರು ವರ್ಷಗಳ ನಂತರ, 1952ರ ಸೆಪ್ಟೆಂಬರ್ 13ರ ನಸುಕಿನಲ್ಲಿ, ಹೆರಿಫರ್ಡ್‌ಶೈರಿನ ರೆಡ್‌ಮೈರ್ ಎಂಬ ಪುಟ್ಟ ಕೊಳದಲ್ಲಿ ರಿಚರ್ಡ್ ವಾಕರ್ ಎಂಬ ಎಂಜಿನಿಯರ್ 44 ಪೌಂಡಿನ, ಅಂದರೆ ಸುಮಾರು 20 ಕಿಲೋ ತೂಕದ ಕಾರ್ಪ್ ಹಿಡಿದ. ಕತ್ತಲಲ್ಲಿ ಬಲೆ ಹಿಡಿದು ನೆರವಾದವನು ಗೆಳೆಯ ಪೀಟರ್ ಥಾಮಸ್. 1980ರಲ್ಲಿ ಕ್ರಿಸ್ ಯೇಟ್ಸ್ ಅದೇ ಕೊಳದಲ್ಲಿ ಇನ್ನೂ ದೊಡ್ಡದನ್ನು ಹಿಡಿಯುವವರೆಗೂ ಅದೇ ದಾಖಲೆಯಾಗಿ ಉಳಿಯಿತು. ನಮಗೆ ಮುಖ್ಯವಾದುದು ತೂಕವಲ್ಲ. ವಾಕರ್ ಆ ಮೀನನ್ನು ಕೊಲ್ಲಲಿಲ್ಲ. ಲಂಡನ್ ಮೃಗಾಲಯಕ್ಕೆ ಫೋನ್ ಮಾಡಿದ. ಅವರು ಬಂದು ಅದನ್ನು ಜೀವಂತ ಕೊಂಡೊಯ್ದರು. ಪತ್ರಿಕೆಗಳು ಕ್ಲಾರಿಸ್ಸಾ ಎಂದು ಕರೆದ ಆ ಮೀನು 1971ರವರೆಗೆ ಮೃಗಾಲಯದ ಗಾಜಿನ ತೊಟ್ಟಿಯಲ್ಲಿ ಬದುಕಿತ್ತು. ಅತ್ತ ಬಾಣಲೆಗೂ ಇಲ್ಲ, ಗೋಡೆಯ ಪೆಟ್ಟಿಗೆಗೂ ಇಲ್ಲ, ಇತ್ತ ಕೊಳಕ್ಕೆ ಮರಳಲೂ ಇಲ್ಲ. ಹಳೆಯ ಪದ್ಧತಿಗೂ ಹೊಸದಕ್ಕೂ ನಡುವೆ ಸಿಕ್ಕಿಕೊಂಡ ಮೀನು ಅದು. ಜನ ಸಾಲುಗಟ್ಟಿ ನೋಡಿದರು. ಒರಟು ಮೀನಿಗೆ ಒಂದು ಹೆಸರು ಬಂದದ್ದೇ ದೊಡ್ಡ ಸಂಗತಿ. ಹೆಸರಿಟ್ಟ ಮೀನನ್ನು ಹುರಿದು ತಿನ್ನಲು ಮನಸ್ಸು ಬರುವುದು ಕಷ್ಟವಲ್ಲವೇ?

ಹಳೆಯ ದುಂಡುಬಲೆಗಳಲ್ಲಿ ಇಂಥ ಮೀನು ಹಿಡಿಸುವುದು ಕಷ್ಟ. ಎರಡು ಉದ್ದನೆಯ ತೋಳುಗಳನ್ನು ಹಿಡಿಯ ತುದಿಯಲ್ಲಿ ಕವಲಾಗಿ ಕೂಡಿಸಿ, ತೋಳುಗಳ ತುದಿಗಳ ನಡುವೆ ಹುರಿ ಬಿಗಿದು, ತ್ರಿಕೋನವಾದ ಅಗಲ ಬಾಯಿಯ ಆಳ ಬಲೆಗಳು ಕಾರ್ಪ್ ಹಿಡಿಯುವವರಲ್ಲಿ ರೂಢಿಗೆ ಬಂದವು. 1953ರಲ್ಲಿ ವಾಕರ್ ಬರೆದ 'ಸ್ಟಿಲ್-ವಾಟರ್ ಆಂಗ್ಲಿಂಗ್' ಒಂದು ಪೀಳಿಗೆಗೆ ಪಾಠಪುಸ್ತಕವಾಯಿತು. ಹಿಡಿದು, ತೂಗಿ, ನೋಡಿ, ಬಿಟ್ಟುಬಿಡುವ ಪದ್ಧತಿ ನಿಧಾನವಾಗಿ ಹರಡಿತು. ಬೇಗ ಬೆಳೆಯದ, ಹತ್ತಾರು ವರ್ಷ ಬಾಳುವ ಮೀನನ್ನು ಕೊಂದರೆ ಕೊಳವೇ ಬರಿದಾಗುತ್ತದೆ ಎಂಬ ಲೆಕ್ಕವೂ ಅದರ ಹಿಂದಿತ್ತು.

ಗಂಟು ಬಿಚ್ಚಿದ ಕಥೆ

ಬಿಟ್ಟ ಮೀನು ಬದುಕುತ್ತದೆಯೇ ಎಂಬ ಪ್ರಶ್ನೆ ಆಗ ಮೊದಲ ಸಲ ಅರ್ಥಪೂರ್ಣವಾಯಿತು. ಮೀನಿನ ಮೈಮೇಲಿನ ಲೋಳೆಯನ್ನು ನಾವು ಅಸಹ್ಯಪಟ್ಟು ಉಪ್ಪು ಹಾಕಿ ತಿಕ್ಕಿ ತೊಳೆಯುತ್ತೇವೆ. ಮೀನಿಗೆ ಅದೇ ಕವಚ. ಬೂಷ್ಟು, ಕ್ರಿಮಿಗಳು ಒಳಹೋಗದಂತೆ ತಡೆಯುವುದು ಅದೇ. ಬ್ರಿಡ್‌ಪೋರ್ಟಿನ ಆ ನಂಬಿಗಸ್ತ ಗಂಟು ಈ ಲೋಳೆಯನ್ನು ಕೆರೆಯುತ್ತಿತ್ತು, ಹುರುಪೆಗಳನ್ನು ಕೀಳುತ್ತಿತ್ತು, ರೆಕ್ಕೆಗಳನ್ನು ಸೀಳುತ್ತಿತ್ತು. ಯುದ್ಧಾನಂತರ ಬಂದ ನೈಲಾನ್ ಬಲೆ ಕೊಳೆಯುತ್ತಿರಲಿಲ್ಲ, ಕಾಚಿನ ಅಗತ್ಯವೂ ಇರಲಿಲ್ಲ. ಆದರೆ ಅದರ ಗಂಟು ಹತ್ತಿಯದಕ್ಕಿಂತ ಗಡಸು. ಬಾಣಲೆಗೆ ಹೋಗುವ ಮೀನಿಗೆ ಇದರಿಂದ ನಷ್ಟವಿಲ್ಲ. ನೀರಿಗೆ ಮರಳುವ ಮೀನು ಮಾತ್ರ ಯಾರ ಕಣ್ಣಿಗೂ ಬೀಳದೆ ಕೆಲವು ದಿನಗಳಲ್ಲಿ ಸಾಯಬಹುದು.

ಇದಕ್ಕೆ ಪರಿಹಾರವಾದದ್ದು ಗಂಟಿಲ್ಲದ ಬಲೆ. ಎಳೆಗಳನ್ನು ಗಂಟು ಹಾಕುವ ಬದಲು ಯಂತ್ರದಲ್ಲಿ ಒಂದರೊಳಗೊಂದು ಹೊಸೆದೋ ಹೆಣೆದೋ ಕಣ್ಣು ಮಾಡುವ ವಿಧಾನ ಅದು. ಇಂಗ್ಲೆಂಡಿನ ಎನ್ವಿರಾನ್‌ಮೆಂಟ್ ಏಜೆನ್ಸಿಯ ನಿಯಮ ಇಂದು ಈ ವಿಷಯದಲ್ಲಿ ಖಂಡಿತವಾಗಿದೆ: ಕೈಬಲೆಯಲ್ಲಿ ಗಂಟಿನ ಕಣ್ಣಾಗಲಿ, ಲೋಹದ ಕಣ್ಣಾಗಲಿ ಇರಕೂಡದು. ಹಿಡಿದ ಮೀನುಗಳನ್ನು ನೀರಿನಲ್ಲೇ ಕೂಡಿಡುವ ಕೀಪ್‌ನೆಟ್ ಎಂಬ ಉದ್ದನೆಯ ಬಲೆಗೂ ಅದೇ ನಿಯಮ. ಅದು 2 ಮೀಟರಿಗಿಂತ ಗಿಡ್ಡವೂ ಇರಕೂಡದು. ಬಾರ್ಕರ್‌ನ ಕಬ್ಬಿಣದ ಕೊಕ್ಕೆಯಂತೂ ನಿಷಿದ್ಧ. ಹಂಸಗಳು ಸೀಸದ ಗುಂಡು ನುಂಗಿ ಸಾಯುತ್ತಿದ್ದುದರಿಂದ 1987ರಲ್ಲಿ ಗಾಳದ ಸಣ್ಣ ಸೀಸದ ತೂಕಗಳೂ ನಿಷೇಧಕ್ಕೊಳಗಾದವು. ಹೀಗೆ ಒಂದೊಂದೇ ಗಂಟು ಬಿಚ್ಚುತ್ತ ಬಂದಿತು.

ಹಾಗಾದರೆ ಯಾವ ಬಲೆ?

ಈಗ ಅಂಗಡಿಯ ಪ್ರಶ್ನೆಗೆ ಬರೋಣ. ನಮ್ಮ ಬಳಗದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕಾಲುವೆಯ ದಡಕ್ಕೆ ಹೋಗುವವರು ಹೆಚ್ಚುತ್ತಿರುವುದರಿಂದ ಇದು ಉಪಯೋಗಕ್ಕೂ ಬಂದೀತು.

ಬಾಯಿ: ರೋಚ್, ಪರ್ಚ್, ಟೆಂಚ್, ಬ್ರೀಮ್, ನಡುಗಾತ್ರದ ಕಾರ್ಪ್ ಇವಕ್ಕೆಲ್ಲ 50ರಿಂದ 60 ಸೆಂಟಿಮೀಟರ್ ಅಗಲದ, ಸೌಟಿನ ಆಕಾರದ ಚೌಕಟ್ಟು ಸಾಕು. ದೊಡ್ಡ ಕಾರ್ಪನ್ನೇ ಅರಸಿ ಹೋಗುವವರಿಗೆ ವಾಕರ್ ಕಾಲದ ಪಳೆಯುಳಿಕೆಯಾದ 42 ಇಂಚಿನ ತ್ರಿಕೋನವೇ ಬೇಕು. ಸಣ್ಣ ಮೀನಿಗೆ ಅದು ದಂಡ.

ಆಳ: ತಟ್ಟೆಯಂಥ ಆಳವಿಲ್ಲದ ಬಲೆ ಸ್ಪರ್ಧೆಯವರದ್ದು, ಮೀನನ್ನು ಬೇಗ ಎತ್ತಿ ಗಾಳ ಬಿಡಿಸಬಹುದು, ಆದರೆ ದೊಡ್ಡ ಮೀನು ಹಾರಿಹೋದೀತು. ತೀರ ಆಳವಾದರೆ ಮೀನು ಸುತ್ತಿಕೊಂಡು ಒದ್ದಾಡುತ್ತದೆ. ಎಲ್ಲದಕ್ಕೂ ಒಂದೇ ಬಲೆ ಎನ್ನುವವರಿಗೆ ನಡುಮಟ್ಟದ್ದೇ ಸರಿ.

ಕಣ್ಣು: ಗಂಟಿಲ್ಲದಿರುವುದು ಕಾನೂನು. ಅದರ ಮೇಲೆ, ತಳದಲ್ಲಿ ಸಣ್ಣ ಕಣ್ಣಿನ ಮೆತ್ತನೆಯ ಬಲೆ, ಪಕ್ಕಗಳಲ್ಲಿ ತುಸು ದೊಡ್ಡ ಕಣ್ಣು ಇದ್ದರೆ ಒಳ್ಳೆಯದು. ಪೂರ್ತಿ ಸಣ್ಣ ಕಣ್ಣಿನ ಬಲೆ ಹರಿವ ನೀರಿನಲ್ಲಿ ಹಾಯಿಯಂತೆ ಉಬ್ಬಿ ಕೈಯನ್ನೇ ಎಳೆಯುತ್ತದೆ. ರಬ್ಬರ್ ಲೇಪದ ಬಲೆಗೆ ಗಾಳ ಸಿಕ್ಕಿಕೊಳ್ಳುವುದು ಕಡಿಮೆ, ವಾಸನೆಯೂ ಕಡಿಮೆ. ತೂಕ ಮಾತ್ರ ಸ್ವಲ್ಪ ಹೆಚ್ಚು.

ಹಿಡಿ: 2ರಿಂದ 3 ಮೀಟರಿನ, ಬಾಗದ ಹಿಡಿ ಇದ್ದರೆ ಎತ್ತರದ ದಂಡೆಯಿಂದಲೂ ನೀರು ಮುಟ್ಟಬಹುದು. ಇಲ್ಲೊಂದು ಸ್ವಾರಸ್ಯವಿದೆ. ಹಿಡಿಗೂ ಬಲೆಯ ತಲೆಗೂ ನಡುವಿನ ತಿರುಪು ಇಲ್ಲಿ ಬಹುಮಟ್ಟಿಗೆ ಒಂದೇ ಅಳತೆಯದು, ಹಳೆಯ ಬ್ರಿಟಿಷ್ ಮಾನದ 3/8 ಇಂಚಿನ ಬಿ.ಎಸ್.ಎಫ್. ಥ್ರೆಡ್ಡು. ದೇಶವೆಲ್ಲ ಮೆಟ್ರಿಕ್‌ಗೆ ಹೊರಳಿದರೂ ಗಾಳಗಾರರು ಹೊರಳಲಿಲ್ಲ! ಅದರಿಂದಾಗಿ ಯಾವ ಕಂಪನಿಯ ಹಿಡಿಗೂ ಇನ್ನಾವ ಕಂಪನಿಯ ತಲೆಯನ್ನೂ ಕೂರಿಸಬಹುದು. ಒಂದು ಒಳ್ಳೆಯ ಹಿಡಿ, ಎರಡು ತಲೆ. 'ಎಲ್ಲದಕ್ಕೂ ಒದಗುವ ಬಲೆ' ಎಂದರೆ ನನ್ನ ಪ್ರಕಾರ ಇದೇ.

ಬಳಸುವ ಕ್ರಮವೂ ಮುಖ್ಯ. ಬಲೆಯನ್ನು ಮೊದಲೇ ನೀರಿನಲ್ಲಿ ಮುಳುಗಿಸಿ ಅಲುಗಾಡದೆ ಹಿಡಿದು, ಮೀನನ್ನೇ ಅದರ ಮೇಲಕ್ಕೆ ತರಬೇಕು. ಮೀನಿನ ಹಿಂದೆ ಬಲೆ ಬೀಸಬಾರದು. ಭಾರದ ಮೀನನ್ನು ಹಿಡಿಯಿಂದ ಎತ್ತದೆ, ಹತ್ತಿರಕ್ಕೆಳೆದು ಚೌಕಟ್ಟನ್ನೇ ಹಿಡಿದೆತ್ತಬೇಕು. ಮುಟ್ಟುವ ಮುನ್ನ ಕೈ ಒದ್ದೆ ಮಾಡಿಕೊಳ್ಳಬೇಕು. ಮನೆಗೆ ಬಂದು ಬಲೆಯನ್ನು ತೊಳೆದು ಪೂರ್ತಿ ಒಣಗಿಸಬೇಕು. ಅಜ್ಜನ ಕಾಲದಲ್ಲಿ ಒಣಗಿಸುತ್ತಿದ್ದುದು ಬಲೆ ಕೊಳೆಯದಿರಲೆಂದು. ಈಗ ಒಂದು ಕೊಳದ ರೋಗ ಇನ್ನೊಂದಕ್ಕೆ ಹರಡದಿರಲೆಂದು. 2010ರಲ್ಲಿ ಗ್ರಾಫಮ್ ಜಲಾಶಯದಲ್ಲಿ ಹೊರನಾಡಿನ ಆಕ್ರಮಣಕಾರಿ ಸೀಗಡಿ ಕಾಣಿಸಿಕೊಂಡ ಮೇಲಂತೂ ಈ ಎಚ್ಚರಿಕೆಗೆ ಹೆಚ್ಚಿನ ಬಲ ಬಂತು. ಇನ್ನು, 13 ವರ್ಷ ಮೇಲ್ಪಟ್ಟವರಿಗೆಲ್ಲ ರಾಡ್ ಲೈಸೆನ್ಸ್ ಬೇಕೆಂಬುದನ್ನು ಮರೆಯಬೇಡಿ.

ತಿನ್ನುವವರು, ಬಿಡುವವರು

ತಿನ್ನುವುದಕ್ಕಲ್ಲದಿದ್ದರೆ ಹಿಡಿಯುವುದೇಕೆ? ನಮ್ಮ ಕರಾವಳಿಯ ಗೆಳೆಯರು ನಗುತ್ತ ಕೇಳುವ ಈ ಪ್ರಶ್ನೆ ಹಗುರವಾದದ್ದಲ್ಲ. ಕವಿ ಬೈರನ್ 'ಡಾನ್ ಜುವಾನ್' ಕಾವ್ಯದಲ್ಲಿ ವಾಲ್ಟನ್‌ನನ್ನು ಕ್ರೂರಿ ಎಂದೇ ಜರೆದಿದ್ದಾನೆ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟಿನ ತಲೆಯಲ್ಲಿ ಗಾಯದಂಥ ಘಾಸಿಯನ್ನು ಗ್ರಹಿಸುವ ನರಗಳಿರುವುದನ್ನು ತೋರಿಸಿದ ಮೇಲೆ ಆ ಆಕ್ಷೇಪಣೆ ಇನ್ನಷ್ಟು ಗಟ್ಟಿಯಾಗಿದೆ. ಮೆತ್ತನೆಯ ಬಲೆ ಇದಕ್ಕೆ ಪೂರ್ತಿ ಉತ್ತರವಲ್ಲ ಎಂದು ನಾನೂ ಒಪ್ಪುತ್ತೇನೆ. ಗಾಳಕ್ಕೆ ಯಾವ ಲೇಪ ಹಚ್ಚಿದರೂ ಅದು ಗಾಳವೇ.

ಇನ್ನೊಂದು ಜಗಳವೂ ಇದೆ. ಮೀನು ಹಿಡಿದು ತಿನ್ನುವ ನಾಡುಗಳಿಂದ ಇಲ್ಲಿಗೆ ಬಂದವರು ಕೊಳದ ಕಾರ್ಪನ್ನು ಮನೆಗೊಯ್ದಾಗ ದಡದ ಮೇಲೆ ಮಾತಿಗೆ ಮಾತು ಬೆಳೆದದ್ದುಂಟು. 2010ರಿಂದ ನಿಯಮ ಸ್ಪಷ್ಟವಾಗಿದೆ: ಇಂಗ್ಲೆಂಡಿನ ಹೊಳೆಯಿಂದ ದಿನಕ್ಕೆ 20 ಸೆಂಟಿಮೀಟರ್ ಒಳಗಿನ 15 ಸಣ್ಣ ಮೀನು, 65 ಸೆಂಟಿಮೀಟರ್ ಒಳಗಿನ ಒಂದು ಪೈಕ್ ಹೀಗೆ ಮಿತಿಯಿದೆ, ಕೊಳವಾದರೆ ಒಡೆಯನ ಅನುಮತಿ ಬೇಕು. ನಿಯಮ ಪಾಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಿನ್ನುವವರು ಅನಾಗರಿಕರು, ಬಿಡುವವರು ನಾಗರಿಕರು ಎಂಬ ಧಾಟಿಯ ಮಾತು ಕೇಳಿದಾಗ ವಾಲ್ಟನ್‌ನ ಅಡುಗೆಯ ಪುಟಗಳನ್ನೂ ಲಂಡನ್ ಪಬ್ಬಿನ ತಟ್ಟೆಗಳನ್ನೂ ನೆನಪಿಸಬೇಕಾಗುತ್ತದೆ. ಬಿಡುವುದನ್ನು ಇಲ್ಲಿನವರೂ ಎರಡು ಮೂರು ಪೀಳಿಗೆಗಳಲ್ಲಿ ಕಲಿತರು. ಕಲಿತದ್ದನ್ನು ಇನ್ನೊಬ್ಬರೂ ಕಲಿಯಬಹುದು.

ನಮಗಂತೂ ಅದು ಹೊಸತೂ ಅಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಪುರಿ ಹಾಕದ ಕನ್ನಡಿಗರು ಕಡಿಮೆ. ಅದೇ ಹೊಳೆಯಲ್ಲಿ ಮಠದ ಸರಹದ್ದು ದಾಟಿದರೆ ಗಾಳ ಉಂಟು, ಬಲೆ ಉಂಟು. ಮಠದೆದುರು ಮಾತ್ರ ಅವು ದೇವರ ಮೀನು. ಹಿಡಿಯುವ ಜಾಗ, ಬಿಡುವ ಜಾಗ ಎಂಬ ವಿವೇಕ ನಮ್ಮ ಊರುಗಳಲ್ಲೂ ಇತ್ತು.

ಜಾತಿಯ ಮಾತಿನಿಂದ ಆರಂಭಿಸಿದ್ದರಿಂದ ಆ ಲೆಕ್ಕವನ್ನೂ ಮುಗಿಸಿಬಿಡುತ್ತೇನೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಬರೆದ. ಅದು ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ನಮ್ಮ ಹೊಳೆಗಳ ಮಹಶೀರ್ ಮೀನು ಸಾಮನ್‌ಗಿಂತ ಮಿಗಿಲಾದ ಆಟಗಾರ ಎಂದು ಆತ ಕೊಂಡಾಡಿದ. ಮಹಶೀರ್ ಸಾಹೇಬರ ಪಾಲಿಗೆ ಅತ್ಯುನ್ನತ ಗೇಮ್ ಫಿಶ್ ಆಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಇಂದಿಗೂ ಗಾಳಗಾರರ ಬಾಯಲ್ಲಿದೆ. ತಮಾಷೆಯೆಂದರೆ, ಮಹಶೀರ್ ಸೇರಿರುವುದು ಗೆಂಡೆಗಳ ಕುಟುಂಬಕ್ಕೆ. ಇಂಗ್ಲೆಂಡಿನ ಬಾರ್ಬೆಲ್, ಕಾರ್ಪ್‌ಗಳ ನೆಂಟ ಅದು. ಥೇಮ್ಸ್‌ನಲ್ಲಿ ಹುಟ್ಟಿದ್ದರೆ ಒರಟು ಮೀನು. ಕಾವೇರಿಯಲ್ಲಿ ಹುಟ್ಟಿ ದೊರೆಗಳ ಗಾಳಕ್ಕೆ ಬಿದ್ದದ್ದರಿಂದ ಕುಲೀನ!

ಆ ಕಾವೇರಿಯ ಡುಬ್ಬದ ಮಹಶೀರ್‌ಗೆ ವಿಜ್ಞಾನಿಗಳು ಸರಿಯಾದ ವೈಜ್ಞಾನಿಕ ಹೆಸರನ್ನು ಗೊತ್ತುಮಾಡಿದ್ದು 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ಇಂದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಶೆಫೀಲ್ಡಿನ ಕೆಲಸಗಾರರು ತಮ್ಮ ಮಾಮೂಲಿ ರೋಚ್, ಬ್ರೀಮ್‌ಗಳಿಗಾಗಿ ಪಾರ್ಲಿಮೆಂಟಿನವರೆಗೆ ಹೋದರು. ಆ ಮೀನುಗಳು ಇಂದಿಗೂ ಇಲ್ಲಿನ ಕಾಲುವೆಗಳಲ್ಲಿ ತುಂಬಿವೆ. ನಮ್ಮ ಮೀನಿಗೆ ದೊರೆಗಳ ಹೊಗಳಿಕೆ ಸಿಕ್ಕಿತು, ಕಾಯುವವರು ಸಾಲದಾದರು. ಮುಂದಿನ ಸಲ ಕೈಬಲೆಯನ್ನು ನೀರಿಗಿಳಿಸುವಾಗ ನಮ್ಮ ಮಕ್ಕಳಿಗೆ ಈ ಎರಡು ಕಥೆಗಳನ್ನೂ ಹೇಳೋಣ.